ನನ್ನ ಪ್ರಿಂಟರಿನಲ್ಲಿ ಅವನು ಬರೆದ ನೀನು

ಮುಂಜಾನೆ ರೋಣದ ಬಸ್ಸು ಹತ್ತಿ ಹೋದ ನನ್ನ ಅನ್ನಪೂರ್ಣೇಶ್ವರಿಗೆ,

ನೀನು ಕಿಟಕಿಯಿಂದ ಕೈ ಬೀಸಿದಾಗ ನಾನೂ ಬೀಸಿದೆನಲ್ಲ, ಆಗ ನಾನು ನಗುತ್ತಿದ್ದೆ ಎಂದು ತಿಳಿದುಕೊಂಡಿದ್ದರೆ ಅದು ತಪ್ಪು. ಹಲ್ಲು ಕಚ್ಚಿಕೊಂಡಿದ್ದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣಿಸುತ್ತವೆ.

ಈಗ ಅಂಗಡಿಯ ಬಾಗಿಲು ತೆಗೆದು ಕೂತಿದ್ದೇನೆ. ಗಿರಾಕಿಗಳು ಇನ್ನೂ ಬಂದಿಲ್ಲ. ಎದುರಿಗೆ ನಿನ್ನ ಕುರ್ಚಿ ಖಾಲಿ ಇದೆ, ಅದರ ಬೆನ್ನಿಗೆ ನಿನ್ನ ಹಳೆಯ ಸ್ವೆಟರು ತೂಗುಬಿದ್ದಿದೆ. ನೀನಿದ್ದಿದ್ದರೆ ಜಗಳವನ್ನೇ ಆಡಬಹುದಿತ್ತು, ಇಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದೂ ಕೈಯಿಂದ. ನರಗುಂದದ ಅರ್ಧ ಊರಿನ ಅರ್ಜಿ ಟೈಪು ಮಾಡಿದ ಈ ಬೆರಳುಗಳಿಗೆ ಪೆನ್ನು ಹಿಡಿಯುವ ರೂಢಿ ತಪ್ಪಿದೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನನಗೆ ಹೊಟ್ಟೆಕಿಚ್ಚು, ಅನ್ನಪೂರ್ಣಾ. ಮುಖ್ಯವಾದದ್ದನ್ನು ಮೇಲೆಯೇ ಬರೆಯಬೇಕು, ಓದುವವರು ಕೆಳಗೆ ಹುಡುಕುವ ಹಾಗೆ ಮಾಡಬಾರದು ಎಂದು ಗಜೇಂದ್ರಗಡದಲ್ಲಿ ಬಯೋಡಾಟಾ ಬರೆದುಕೊಡುವ ಆ ಕಳಕೇಶ ನಿನಗೆ ಹೇಳಿಕೊಟ್ಟನಂತಲ್ಲ. ಅದಕ್ಕೇ ಆದಷ್ಟು ಮೇಲೆಯೇ ಬರೆದಿದ್ದೇನೆ.

ಮೊನ್ನೆ ಮಧ್ಯಾಹ್ನ ಅಂಗಡಿಯ ವಾಟ್ಸಾಪಿಗೆ ನಿನ್ನ ಫೈಲು ಬಂತು. ನೀನು ಮನೆಯಲ್ಲಿದ್ದೆ, ನಾನಿಲ್ಲಿ. ಜೊತೆಗೊಂದು ಸಾಲು: "ಎರಡ ಕಾಪಿ ತಗದ ಇಡ್ರಿ. ಕಲರ್ ಬ್ಯಾಡ." ಬೇರೆ ಗಿರಾಕಿಗಳು ಕಳಿಸುವ ಹಾಗೇ. ಆಧಾರ್ ಕಾರ್ಡು ಇರಬೇಕೆಂದು ನಾನು ಪ್ರಿಂಟ್ ಒತ್ತಿದೆ. ಪ್ರಿಂಟರು ಗರಗರ ಎಂದು ಒಂದು ಹಾಳೆ ಹೊರಗೆ ಹಾಕಿತು. ಅದು ನಿನ್ನ ಕೆಲಸದ ಬಯೋಡಾಟಾ. ಎರಡನೆಯ ಪುಟಕ್ಕೆ ಕೈ ಚಾಚಿಕೊಂಡು ಕೂತೆ. ಬಂದದ್ದು ಅದೇ ಹಾಳೆಯ ಇನ್ನೊಂದು ಕಾಪಿ. ಒಂದೇ ಪುಟ! ಮೇಲೆ ಗಣಪತಿ ಇಲ್ಲ, ಸುತ್ತ ಹೂಬಳ್ಳಿ ಇಲ್ಲ, ಫೋಟೋ ಇಲ್ಲ, ಅಪ್ಪನ ಹೆಸರಿಲ್ಲ, ಗಂಡನ ಹೆಸರಂತೂ ಇಲ್ಲವೇ ಇಲ್ಲ. ನನ್ನ ಪ್ರಿಂಟರು, ನನ್ನ ಕಾಗದ, ನನ್ನ ಶಾಯಿ, ನನ್ನ ಹೆಂಡತಿ. ಬರೆದವನು ಮಾತ್ರ ಇನ್ನೊಬ್ಬ.

ಅಷ್ಟರಲ್ಲಿ ಪಕ್ಕದ ಟೇಲರ್ ಮೌಲಾಸಾಬ ಒಳಗೆ ಬಂದು ಹಾಳೆ ಎತ್ತಿ ನೋಡಿದ. "ಭಾಳ ನೀಟ ಐತಲ್ರಿ. ಹಿಂಗ ಮಾಡೂದು ಯಾವಾಗ ಕಲಿತ್ರಿ?" ಎಂದ. ನಾನು ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅವನಿಗೆ ಚಹಾ ತರಿಸಿದೆ.

ನನ್ನ ಕಸಬಿನ ಬಗ್ಗೆ ನಿನಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಆದರೂ ಹೇಳುತ್ತೇನೆ, ಇವತ್ತು ಯಾರಾದರೂ ನನ್ನ ಪರವಾಗಿ ಮಾತಾಡಲೇಬೇಕು. ಈ ಕಡೆ ಯಾರಿಗೆ ಕೆಲಸಕ್ಕೆ ಬಯೋಡಾಟಾ ಬೇಕಾದರೂ ನಮ್ಮ ಸಿದ್ದವ್ವ ಕಂಪ್ಯೂಟರ್ಸಿಗೇ ಬರುತ್ತಿದ್ದರು. ಕನ್ಯೆ ನೋಡಲು, ವರ ನೋಡಲು ಬೇಕಾದವರೂ ಇಲ್ಲಿಗೇ. ಎರಡಕ್ಕೂ ನನ್ನದು ಒಂದೇ ಫೈಲು. ಮೇಲೆ 'ಶ್ರೀ ಗಜಾನನ ಪ್ರಸನ್ನ', ಸುತ್ತ ಬಳ್ಳಿ, ಆಮೇಲೆ ಹೆಸರು, ತಂದೆ, ತಾಯಿ, ಎತ್ತರ, ಬಣ್ಣ, ಅಣ್ಣತಮ್ಮಂದಿರೆಷ್ಟು, ಅವರಲ್ಲಿ ಮದುವೆಯಾದವರೆಷ್ಟು. ಕೆಲಸದ್ದಾದರೆ 'ತಮ್ಮ ಸಂಸ್ಥೆಯ ಏಳಿಗೆಗಾಗಿ ದುಡಿಯುವುದೇ ನನ್ನ ಜೀವನದ ಗುರಿ' ಎಂಬ ಸಾಲು ಸೇರಿಸುತ್ತಿದ್ದೆ, ಮದುವೆಯದ್ದಾದರೆ ತೆಗೆಯುತ್ತಿದ್ದೆ. ಒಮ್ಮೆ ತೆಗೆಯಲು ಮರೆತೆ. ಆ ವರನಿಗೆ ಬಲು ಬೇಗ ಕನ್ಯೆ ಸಿಕ್ಕಳು.

"ಕೆಲಸಾ ಕೊಡಾವ್ರಿಗೆ ಎತ್ತರ, ಬಣ್ಣ ಯಾಕ ಬೇಕ್ರಿ?" ಎಂದು ನೀನು ಎಷ್ಟು ಸಲ ಕೇಳಿದ್ದೀಯೋ. ಮನೆತನ ನೋಡದೆ ಯಾರು ಕೆಲಸ ಕೊಡುತ್ತಾರೆ ಎಂದು ನಾನು ನಿನ್ನ ಬಾಯಿ ಮುಚ್ಚಿಸುತ್ತಿದ್ದೆ. ಪುಟ ಹೆಚ್ಚಾದಷ್ಟೂ ಮನುಷ್ಯನ ತೂಕ ಹೆಚ್ಚು ಎಂದು ನಂಬಿದವನು ನಾನು. ಒಂದು ಪುಟಕ್ಕೇ ಮುಗಿಯುವ ಹುಡುಗರಿಗೆ ಅಕ್ಷರ ದಪ್ಪ ಮಾಡಿ, ಸಾಲಿನ ನಡುವೆ ಜಾಗ ಬಿಟ್ಟು, ಶಾಲೆಯಲ್ಲಿ ಲಿಂಬೆ ಚಮಚದ ಓಟದಲ್ಲಿ ಗೆದ್ದದ್ದನ್ನೂ ಸೇರಿಸಿ, ಮೂರು ಪುಟ ಮಾಡಿ ಕಳಿಸುತ್ತಿದ್ದೆ. ಅವರ ಅಪ್ಪಂದಿರು ಹಾಳೆಗಳನ್ನು ಕೈಯಲ್ಲಿ ಹಿಡಿದು ಖುಷಿಪಡುತ್ತಿದ್ದರು.

ಇನ್ನು ನನ್ನ ಕೋಟು. ಯಾವ ಹುಡುಗ ಬಂದರೂ ಅವನ ಮುಖವನ್ನು ಕತ್ತರಿಸಿ ಕಂಪ್ಯೂಟರಿನಲ್ಲಿದ್ದ ನೀಲಿ ಕೋಟು, ಕೆಂಪು ಟೈ ಮೇಲೆ ಕೂಡಿಸುತ್ತಿದ್ದೆನಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ಹಾಕುವವರು ಆಫೀಸಿಗೆ ಹುಡುಗರನ್ನು ಕರೆದಾಗ ನಮ್ಮ ಓಣಿಯ ಬಸ್ಯಾ, ಅವನ ಗೆಳೆಯರು ಎಲ್ಲ ನನ್ನ ಹಾಳೆಗಳನ್ನೇ ಒಯ್ದರು. ಅಲ್ಲಿಯ ಸಾಹೇಬರು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದರಂತೆ. ಎಲ್ಲರದೂ ಒಂದೇ ಕೋಟು, ಒಂದೇ ಟೈ, ಒಂದೇ ಜೀವನದ ಗುರಿ. "ಒಂದ ಕೋಟ ಪಾಳಿ ಹಚ್ಚಿ ಹಾಕ್ಕೊಂಡೀರೇನಪಾ?" ಎಂದು ಕೇಳಿದರಂತೆ. ಬಸ್ಯಾ ಬಂದು ಇದನ್ನು ಹೇಳಿದಾಗ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನಗೆ ಮಾತ್ರ ಹೆಮ್ಮೆಯೇ ಆಗಿತ್ತು, ಅಷ್ಟು ಜನರೂ ನನ್ನ ಗಿರಾಕಿಗಳಲ್ಲವೆ.

ನಿನ್ನನ್ನು ನಾನು ಮೊದಲು ಬರೆದದ್ದೂ ಅದೇ ಫೈಲಿನಲ್ಲಿ. ಹೊಳೆಮಣ್ಣೂರಿನಿಂದ ನಿನ್ನ ಅಪ್ಪ ತೋಟಪ್ಪ ಮಾವ ಬಂದು ಆ ಕುರ್ಚಿಯಲ್ಲೇ ಕೂತು ಮಗಳ ಮದುವೆಯ ಬಯೋಡಾಟಾ ಬರೆಸಿದ ದಿನ ನೀನು ಯಾರೆಂದೇ ನನಗೆ ಗೊತ್ತಿರಲಿಲ್ಲ. ಬಿ.ಕಾಂ., ಗೋಧಿ ಬಣ್ಣ ಎಂದೆಲ್ಲ ಹೇಳಿದರು. ಹವ್ಯಾಸ ಎಂಬಲ್ಲಿ ತಡೆದರು. "ಹವ್ಯಾಸಾ ಅಂದ್ರ ಏನ ಹೇಳ್ಬೇಕ್ರಿ? ಮನ್ಯಾಗ ಎಲ್ಲಾ ಮಾಡ್ತಾಳ" ಎಂದರು. ನಾನೇ 'ರಂಗೋಲಿ ಹಾಕುವುದು' ಎಂದು ತುಂಬಿಸಿದೆ. ಫೋಟೋ ಅಂಟಿಸುವಾಗ ನಿನ್ನ ಮುಖ ನೋಡಿದೆ. ಮಾವ ಕೇಳಿದಷ್ಟು ಕಾಪಿ ತೆಗೆದುಕೊಟ್ಟು, ಅವರು ಹೋದ ಮೇಲೆ ಒಂದು ಹೆಚ್ಚಿನ ಕಾಪಿ ತೆಗೆದು ನಮ್ಮ ಅವ್ವನ ಕೈಗೆ ಕೊಟ್ಟೆ. ಮುಂದಿನದು ನಿನಗೆ ಗೊತ್ತು. ನೀನು ಹಾಕಿದ ಒಂದು ರಂಗೋಲಿಯನ್ನೂ ನಾನು ಈವರೆಗೆ ನೋಡಿಲ್ಲ.

ಆದರೆ ಆ ಕಾಪಿಗಳಲ್ಲಿ ಒಂದು ಗಜೇಂದ್ರಗಡಕ್ಕೂ ಹೋಗಿತ್ತು, ಇದೇ ಕಳಕೇಶನ ಮನೆಗೆ. ಅವರ ಕಡೆಯಿಂದ ಉತ್ತರವೇ ಬರಲಿಲ್ಲ. ಆಗ ನನಗೆ ಅವನ ಮೇಲೆ ಎಷ್ಟು ಪ್ರೀತಿ ಬಂದಿತ್ತೆಂದರೆ, ನಮ್ಮ ಮದುವೆಗೆ ಕರೆಯೋಣ ಎಂದೂ ಅಂದುಕೊಂಡಿದ್ದೆ.

ಈ ವರ್ಷ ನಿನಗೆ ಹೊರಗೆ ಕೆಲಸ ಮಾಡಬೇಕೆನ್ನಿಸಿತು. ಮಗಳು ದೊಡ್ಡವಳಾದಳು, ಬಿ.ಕಾಂ. ಓದಿದ್ದು ಸುಮ್ಮನೆ ಹೋಗಬಾರದು ಎಂದೆ. ನಾನು ಬೇಡ ಅನ್ನಲಿಲ್ಲ. ಮನಸ್ಸಿಟ್ಟು ಬಯೋಡಾಟಾ ಮಾಡಿಕೊಟ್ಟೆ. ಮೂರು ಪುಟ, ಹೊಸ ಬಳ್ಳಿ, ಬಣ್ಣದ ಪ್ರಿಂಟು. ಹೆಸರಿನ ಕೆಳಗೇ ದಪ್ಪ ಅಕ್ಷರದಲ್ಲಿ ಗಂಡನ ಹೆಸರು. ನಿನ್ನ ಫೋಟೋಕ್ಕೂ ಅದೇ ಕೋಟು, ಟೈ ಒಂದನ್ನು ಅಳಿಸಿ. "ಈಕಿ ಯಾವ ಕೋರ್ಟಿನ ವಕೀಲ್ರು?" ಎಂದು ಕೇಳಿದೆ ನೀನು. ಮಗಳು ಹುಟ್ಟಿದ ಮೇಲಿನ ವರ್ಷಗಳು ಖಾಲಿ ಕಾಣಬಾರದೆಂದು ಅಲ್ಲೊಂದು ಕಂಪ್ಯೂಟರ್ ಕೋರ್ಸು ತುಂಬಿಸಿದೆ. "ಮಗಳನ್ನ ಹಡದದ್ದೂ ಮುಚ್ಚಿಡಬೇಕೇನ್ರಿ?" ಎಂದೆ ನೀನು. ಹವ್ಯಾಸ ರಂಗೋಲಿ. ಈಗಿನ ಉದ್ಯೋಗ, ಗೃಹಿಣಿ. ನೀನು ಆ ಸಾಲನ್ನು ನೋಡಿ, ಆಮೇಲೆ ನೀನು ಕೂತಿದ್ದ ಕುರ್ಚಿಯ ಕೈಯನ್ನು ಸವರಿದೆ. ಅಂದು ಜಗಳ ತೆಗೆದಿದ್ದರೆ ಚೆನ್ನಾಗಿತ್ತು.

ಆ ಮೂರು ಪುಟಗಳು ಹೋದ ಕಡೆಯಿಂದೆಲ್ಲ ಯಾರೂ ಕರೆಯಲಿಲ್ಲ. ಕೊನೆಗೆ ನಿನ್ನ ಚಿಕ್ಕಮ್ಮನ ಮಗಳು ಪೂಜಾ ನಿನ್ನನ್ನು ಕಳಕೇಶನ ಆಫೀಸಿಗೆ ಕರೆದುಕೊಂಡು ಹೋದಳು. ಹೌದು, ಅಂಗಡಿ ಅಲ್ಲ, ಆಫೀಸು. ಎಸಿ ಇದೆಯಂತೆ, ಬಾಗಿಲಲ್ಲಿ ಕುಂಡದ ಗಿಡ ಇದೆಯಂತೆ, ಬಂದವರಿಗೆ ಗಾಜಿನ ಲೋಟದಲ್ಲಿ ನೀರು ಕೊಡುತ್ತಾರಂತೆ. ಮನೆಗೆ ಬಂದು ಇಷ್ಟನ್ನೆಲ್ಲ ಹೇಳಿ, "ಆವಾಗ ಉತ್ತರಾ ಸೈತ ಕೊಡಲಾರದಾಂವ ಈಗ ನಾ ಚಲೋ ಅದೀನಂತ ಬರದ ಕೊಟ್ಟಾನ ನೋಡ್ರಿ" ಎಂದು ನಕ್ಕೆಯಲ್ಲ, ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಲೆಕ್ಕ ಸಮ ಆಯಿತು ಎಂಬ ಹಾಗೆ ನಕ್ಕೆ. ನನಗೆ ಸಮ ಅನ್ನಿಸಲಿಲ್ಲ. ನಾನು ನಿನ್ನನ್ನು ನೋಡದೆ ಬರೆದಿದ್ದೆ, ನಿನ್ನ ಅಪ್ಪ ಹೇಳಿದ್ದನ್ನಷ್ಟೇ. ಎರಡನೆಯ ಸಲ ನೀನು ಎದುರಿಗೇ ಇದ್ದರೂ ಹಳೆಯ ಫೈಲು ನೋಡಿ ಬರೆದೆ. ಅವನು ನಿನ್ನನ್ನು ಕೂಡಿಸಿಕೊಂಡು ಕೇಳಿ ಬರೆದ.

ಏನು ಕೇಳಿದ ಎಂದು ನಾನು ಊಟಕ್ಕೆ ಕೂತಾಗ ಕೇಳಿದೆ, ನೆನಪಿದೆಯೆ? ಸುಮ್ಮನೆ ಕೇಳಿದ ಹಾಗೆ ಕೇಳಿದೆ. ನೀನು ರೊಟ್ಟಿ ಬಡಿಯುತ್ತ ಹೇಳಿದೆ: "ಏನೇನ ಕೆಲಸಾ ಮಾಡೀರಿ ಹೇಳ್ರಿ ಅಂದ. ಏನೂ ಇಲ್ರಿ, ಅಂಗಡ್ಯಾಗ ಕುಂಡರ್ತೀನಿ ಅಂದೆ. ಕುಂತ ಏನ ಮಾಡ್ತೀರಿ ಅಂದ. ಹೇಳಾಕ ಹತ್ತಿದ್ರ ನನಗ ಆಶ್ಚರ್ಯ ಆತ್ರಿ, ಮುಗೀಲೇ ಇಲ್ಲ." ಆಮೇಲೆ ಅವನು ಹೇಳಿದ್ದನ್ನೆಲ್ಲ ನನಗೆ ಒಪ್ಪಿಸಿದೆ. ಎತ್ತರ, ಬಣ್ಣ, ಜಾತಿ, ಮನೆತನ ಕೆಲಸ ಕೊಡುವವರಿಗೆ ಬೇಡವಂತೆ. ದೊಡ್ಡ ಕಂಪನಿಗಳಲ್ಲಿ ಹಾಳೆಯನ್ನು ಮೊದಲು ಕಂಪ್ಯೂಟರೇ ಓದುತ್ತದಂತೆ, ಬಳ್ಳಿ, ಚಿತ್ರ ಇದ್ದರೆ ಅದಕ್ಕೆ ತಿಳಿಯುವುದಿಲ್ಲವಂತೆ. ಎಲ್ಲ ಕೆಲಸಕ್ಕೂ ಒಂದೇ ಹಾಳೆ ನಡೆಯುವುದಿಲ್ಲವಂತೆ, ಆಯಾ ಕೆಲಸಕ್ಕೆ ಬೇಕಾದ್ದನ್ನು ಆರಿಸಿ ಬರೆಯಬೇಕಂತೆ. ಅಂತೆ, ಅಂತೆ, ಅಂತೆ. ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟೆ. ಖಾರ ಹೆಚ್ಚಾಗಿದೆ ಎಂದೆ. ಖಾರ ಸರಿಯಾಗಿಯೇ ಇತ್ತು.

ಅವನು ಬರೆದ ಹಾಳೆಯನ್ನು ನಾನು ಮೊನ್ನೆಯಿಂದ ಎಷ್ಟು ಸಲ ಓದಿದ್ದೇನೋ. ಇಂಗ್ಲಿಷಿನಲ್ಲಿದೆ, ಆದರೆ ಸುಲಭದ ಇಂಗ್ಲಿಷು. ಅನುಭವ ಎಂಬಲ್ಲಿ ಮೊದಲ ಸಾಲೇ 'ಸಿದ್ದವ್ವ ಕಂಪ್ಯೂಟರ್ಸ್, ನರಗುಂದ'. ನನ್ನ ಅಂಗಡಿ, ನಿನ್ನ ಅನುಭವ! ಬೆಳೆ ವಿಮೆ, ಹೊಲದ ಉತಾರ, ಪಿಂಚಣಿ ಅರ್ಜಿಗಳನ್ನು ನೋಡಿಕೊಂಡದ್ದು. ಮಲಪ್ರಭೆ ಉಕ್ಕಿ ಕೊಣ್ಣೂರಿನ ಸೇತುವೆ ಮುಳುಗಿದ ವರ್ಷ, ಕಾಗದಪತ್ರ ತೊಯ್ದುಹೋದ ಕುಟುಂಬಗಳಿಗೆ ದಾಖಲೆ ಮಾಡಿಸಿ ಪರಿಹಾರದ ಅರ್ಜಿ ಹಾಕಿಸಿದ್ದು. ಅರ್ಜಿ ಹಾಕುವವರಿಗೆ ಬಣ್ಣದ ಲ್ಯಾಮಿನೇಶನ್ ತುಂಡುಗಳ ಟೋಕನ್ ಮಾಡಿ ಜಗಳವಿಲ್ಲದೆ ಪಾಳಿ ನಡೆಸಿದ್ದು. ಮಗಳು ಹುಟ್ಟಿದ ವರ್ಷಗಳಿಗೆ ಒಂದೇ ಸಾಲು, 'ಮಗುವಿನ ಆರೈಕೆಗಾಗಿ ಮನೆಯಲ್ಲಿದ್ದೆ'. ಅಷ್ಟೇ, ನಾಚಿಕೆಯೂ ಇಲ್ಲ, ಸುಳ್ಳೂ ಇಲ್ಲ. ಓದುತ್ತ ಹೋದಂತೆ ಈ ಹೆಣ್ಣುಮಗಳು ಯಾರೋ ಬಲು ಹುಷಾರಿ ಇದ್ದಾಳೆ, ನಮ್ಮ ಅಂಗಡಿಗೆ ಸಿಕ್ಕರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಹೊಳೆ ಉಕ್ಕಿದ ಆ ವರ್ಷ ನಾನೂ ಇಲ್ಲೇ ಇದ್ದೆನಲ್ಲ. ಪ್ರಿಂಟು ತೆಗೆಯುತ್ತಿದ್ದೆ. ಪಾಳಿಯವರು ಒಳಗೆ ಇಣುಕಿ "ಅಕ್ಕಾರು ಅದಾರೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ, ನಾನಿದ್ದೇನೆ ಬನ್ನಿ ಎಂದರೆ "ಹಂಗಾರ ನಾಳಿ ಬರ್ತೀವ್ರಿ" ಎಂದು ಹೋಗುತ್ತಿದ್ದರು. ಆಗಲೂ ನನಗೆ ಕಿಚ್ಚಾಗುತ್ತಿತ್ತು. ಈಗ ಗೊತ್ತಾಗುತ್ತಿದೆ, ಈ ಹೊಟ್ಟೆಕಿಚ್ಚು ಕಳಕೇಶನಿಂದ ಶುರುವಾದದ್ದಲ್ಲ. ಆದರೂ ಅವನ ಮೇಲಿನದನ್ನು ನಾನು ಕಡಿಮೆ ಮಾಡಿಕೊಳ್ಳುವುದಿಲ್ಲ. ನಾನು ಇಷ್ಟು ವರ್ಷ ಎದುರಿಗೆ ಕೂತು ಕೇಳದ ಒಂದು ಪ್ರಶ್ನೆಯನ್ನು ಅವನು ಒಂದೇ ಮಧ್ಯಾಹ್ನದಲ್ಲಿ ಕೇಳಿಬಿಟ್ಟ.

ಹಾಳೆಯ ಕೊನೆಗೆ, ವಿಚಾರಿಸಬೇಕಾದರೆ ಎಂದು ಒಂದು ಫೋನ್ ನಂಬರು. 'ಮಾಲೀಕರು, ಸಿದ್ದವ್ವ ಕಂಪ್ಯೂಟರ್ಸ್'. ಅದು ನನ್ನದೇ. ಗಂಡನೆಂದು ತೆಗೆದುಹಾಕಿದವನು ಮಾಲೀಕನೆಂದು ಉಳಿಸಿಕೊಂಡಿದ್ದಾನೆ. ಅವನ ಹೊಟ್ಟೆ ತಣ್ಣಗಿರಲಿ ಎಂದು ಹೇಗೆ ಹೇಳಲಿ…

ನಿಲ್ಲು, ಫೋನು ಬರುತ್ತಿದೆ.

ಮತ್ತೆ ಬರೆಯುತ್ತಿದ್ದೇನೆ. ಈಗ ಮಧ್ಯಾಹ್ನ ದಾಟಿದೆ. ನಡುವೆ ಗಿರಾಕಿಗಳು ಬಂದು ಹೋದರು, ನಾನು ಯಾರಿಗೆ ಏನು ಮಾಡಿಕೊಟ್ಟೆನೋ ನೆನಪಿಲ್ಲ. ಬಂದ ಫೋನು ರೋಣದಿಂದ, ನೀನು ಸಂದರ್ಶನಕ್ಕೆ ಹೋಗಿರುವ ರೈತರ ಕಂಪನಿಯಿಂದ. ಮಾತಾಡಿದವರು ಜಬೀನ ಎಂಬ ಮೇಡಮ್, ಅಲ್ಲಿಯ ಮ್ಯಾನೇಜರಂತೆ. "ಸಿದ್ದವ್ವ ಕಂಪ್ಯೂಟರ್ಸ್ ಮಾಲಕ್ರೇನ್ರಿ? ಅನ್ನಪೂರ್ಣೇಶ್ವರಿ ಅಂತ ಒಬ್ರು ನಮ್ಮಲ್ಲಿ ಬಂದಾರ್ರಿ. ಹೊರಗ ಕುಂತಾರ. ಆಖರಿಗೆ ಇಬ್ಬರ ಮ್ಯಾಲೆ ಬಂದ ನಿಂತೈತಿ. ಇನ್ನೊಬ್ರು ಗದಗಿನಾಗ ದೊಡ್ಡ ಆಫೀಸಿನ್ಯಾಗ ಇದ್ದವರು. ಇವ್ರು ನಿಮ್ಮ ಕಡೆ ಕೆಲಸಾ ಮಾಡ್ಯಾರಂತ ಬರದಾರ, ಖರೇನ್ರಿ?"

ನನ್ನ ನಾಲಿಗೆಯ ತುದಿಗೆ ಏನು ಬಂತು ಗೊತ್ತೆ? 'ನನ್ನ ಹೆಂಡ್ತೀರಿ' ಎಂಬ ಮಾತು. ಯಾರ ಮುಂದೆಯೂ ಎದೆಯುಬ್ಬಿಸಿ ಹೇಳುವ ಮಾತು ಅದು. ಹೇಳಿದ್ದರೆ ಆ ಮೇಡಮ್ಮು ನಕ್ಕು, ಓ ಮನಿ ಅಂಗಡಿ ಏನ್ರಿ ಎಂದು ಫೋನಿಡುತ್ತಿದ್ದರು. ಹಾಳೆಯಲ್ಲಿ ಬರೆದ ನಿನ್ನ ಇಷ್ಟು ವರ್ಷದ ಕೆಲಸ ಗಂಡನಿಗೆ 'ಕೈ ಹಚ್ಚಿದ್ದು' ಆಗಿಬಿಡುತ್ತಿತ್ತು. ನೀನು ಸಂಜೆ ಬಂದು ಇದೇ ಕುರ್ಚಿಯಲ್ಲಿ ಕೂಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನಗೆ ಅದೇ ಬೇಕೆನ್ನಿಸಿತು. ನಿನ್ನ ಸ್ವೆಟರು ಕಣ್ಣ ಮುಂದೆಯೇ ಇತ್ತು. ಇಲ್ಲೇ ಇರಲಿ, ನನ್ನವಳು ನನ್ನೆದುರಿಗೇ ಇರಲಿ ಅನ್ನಿಸಿತು.

"ಖರೇರಿ" ಎಂದೆ. "ಇಲ್ಲೇ ಕೆಲಸಾ ಮಾಡ್ಯಾರ." ಸಂಬಂಧಿಕರೇ ಎಂದು ಅವರು ಕೇಳಿದ್ದರೆ ಹೇಳುತ್ತಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನನ್ನು 'ಅವರು' ಎಂದು ಕರೆದದ್ದು ಇದೇ ಮೊದಲು.

ಹ್ಯಾಂಗ ಕೆಲಸ ಮಾಡ್ತಾರ ಎಂದು ಕೇಳಿದರು. ಹಾಳೆಯಲ್ಲಿದ್ದದ್ದನ್ನು ಓದಿದ್ದರೆ ಸಾಕಿತ್ತು. ಆದರೆ ಕಳಕೇಶ ಬರೆದದ್ದನ್ನು ನಾನು ಓದಿ ಹೇಳುವುದೆ? ಕೊಣ್ಣೂರಿನ ಖತೀಜಾಬಿಯ ಕತೆ ಹೇಳಿದೆ. ನೆನಪಿದೆಯಲ್ಲ, ಪರಿಹಾರಕ್ಕೆ ಆ ಮುದುಕಿಯ ಹೆಬ್ಬೆಟ್ಟು ಯಂತ್ರದ ಮೇಲೆ ಮೂಡುತ್ತಲೇ ಇರಲಿಲ್ಲ, ಕಳೆ ಕಿತ್ತು ಕಿತ್ತು ಬೆರಳಿನ ಗೆರೆಯೆಲ್ಲ ಸವೆದಿತ್ತು. ಆಗುವುದಿಲ್ಲ ಎಂದು ನಾನು ತಿರುಗಿಸಿ ಕಳಿಸಿದ್ದೆ. ನೀನು ಹಿಂದೆಯೇ ಓಡಿಹೋಗಿ ಕರೆತಂದೆ. ಬಿಸಿನೀರಿನಲ್ಲಿ ಕೈ ನೆನೆಸಿ, ಕೊಬ್ಬರಿ ಎಣ್ಣೆ ತಿಕ್ಕಿ, ಒರೆಸಿ, ಒಂದೊಂದೇ ಬೆರಳು ಇಟ್ಟು ನೋಡಿದೆ. ಆಗಲಿಲ್ಲ. ನಾಳೆ ಬಾ ಎಂದೆ. ಮರುದಿನವೂ ಆಗಲಿಲ್ಲ. ಮೂರನೆಯ ದಿನ ಎಡಗೈಯ ಉಂಗುರ ಬೆರಳು ಹತ್ತಿತು. ಯಂತ್ರ ಹಸಿರು ದೀಪ ತೋರಿಸಿದಾಗ ನೀನೂ ಆ ಮುದುಕಿಯೂ ಇಬ್ಬರೂ ಅತ್ತಿರಿ. ನಾನು ಪ್ರಿಂಟರಿಗೆ ಕಾಗದ ತುಂಬುವವನ ಹಾಗೆ ಆ ಕಡೆ ತಿರುಗಿಕೊಂಡಿದ್ದೆ.

ಮೇಡಮ್ಮು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇದನ್ನ ಯಾಕ ಇದ್ರಾಗ ಬರದಿಲ್ರಿ?" ಎಂದರು.

"ಬರದಾಂವಗ ಇದು ಗೊತ್ತಿಲ್ರಿ ಮೇಡಮ್" ಎಂದೆ. ಅನ್ನಪೂರ್ಣಾ, ಈ ಮೂರು ದಿನಗಳಲ್ಲಿ ನನಗೆ ಸಮಾಧಾನ ಆದದ್ದು ಆ ಒಂದು ಮಾತಿನಿಂದ.

ಮತ್ತೆ ಕೇಳಿದರು, ಅಷ್ಟು ಚಲೋ ಇದ್ದರೆ ನಿಮ್ಮಲ್ಲಿ ಕೆಲಸಾ ಯಾಕ ಬಿಡಾಕತ್ತಾರ? ಇದಕ್ಕೆ ಉತ್ತರ ಹುಡುಕಬೇಕಾಗಲಿಲ್ಲ. "ಅವರಿಗೆ ನಮ್ಮ ಅಂಗಡಿ ಸಾಲಂಗಿಲ್ರಿ" ಎಂದೆ. ಕೊನೆಗೆ, ಮುಂದೆಂದಾದರೂ ಅವರು ತಿರುಗಿ ಬಂದರೆ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆಯಂತೆ ಅದು. "ಆ ಕುರ್ಚಿ ಮ್ಯಾಲೆ ನಾ ಬ್ಯಾರೆ ಯಾರನ್ನೂ ಕೂಡ್ರಸಂಗಿಲ್ರಿ" ಎಂದೆ. "ಆತ್ರಿ, ಭಾಳ ಉಪಕಾರ ಆತು" ಎಂದು ಫೋನಿಟ್ಟರು.

ಕೆಲಸ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಗಲಿ, ಅನ್ನಪೂರ್ಣಾ. ಮನಸಾರೆ ಹೇಳುತ್ತಿದ್ದೇನೆ, ಸಿಗಲಿ. ಸಿಕ್ಕ ಮೇಲೆ ನಾನು ಒಂದೆರಡು ದಿನ ಮುಖ ಊದಿಸಿಕೊಂಡು ತಿರುಗಿದರೆ ನೀನು ಲಕ್ಷ್ಯ ಕೊಡಬೇಡ. ಕಳಕೇಶನಿಗೆ ಪೇಡೆ ಕೊಡಲು ನೀನೊಬ್ಬಳೇ ಹೋಗಬೇಡ, ನಾನೂ ಬರುತ್ತೇನೆ. ಆ ಎಸಿಯಲ್ಲಿ ಕೂತು, ಗಾಜಿನ ಲೋಟದಲ್ಲಿ ನೀರು ಕುಡಿದು, ಅವನಿಗೆ ಖತೀಜಾಬಿಯ ಕತೆಯನ್ನು ಮೊದಲಿನಿಂದ ಹೇಳುವವನಿದ್ದೇನೆ. ಸಿಗದಿದ್ದರೂ ಚಿಂತೆಯಿಲ್ಲ, ಮುಂದಿನ ಹಾಳೆ ನಾನು ಬರೆಯುತ್ತೇನೆ. ಒಂದೇ ಪುಟ, ಬಳ್ಳಿ ಇಲ್ಲದ್ದು. ನೀನು ಹೇಳು, ನಾನು ಕೇಳುತ್ತೇನೆ. ಮುಗಿಯದಿದ್ದರೂ ಕೇಳುತ್ತೇನೆ.

ಸಂಜೆಯ ಬಸ್ಸಿಗೆ ನಿಲ್ದಾಣದಲ್ಲಿ ನಿಂತಿರುತ್ತೇನೆ. ಈ ಪತ್ರವನ್ನು ಅಲ್ಲೇ ನಿನ್ನ ಕೈಗೆ ಕೊಡುತ್ತೇನೆ.

ಬಯೋಡಾಟಾದ ಕೊನೆಗೆ ಪ್ರಮಾಣದ ಸಾಲು ಬೇಡವೇ ಬೇಡ ಎಂದು ಅವನು ಹೇಳಿದನಂತೆ. ಈ ಒಂದನ್ನು ಮಾತ್ರ ನಾನು ಬಿಡುವುದಿಲ್ಲ.

ಮೇಲೆ ತಿಳಿಸಿದ ವಿವರಗಳೆಲ್ಲವೂ, ಹೊಟ್ಟೆಕಿಚ್ಚೂ ಸೇರಿ, ನನಗೆ ತಿಳಿದ ಮಟ್ಟಿಗೆ ಸತ್ಯವೆಂದು ಪ್ರಮಾಣೀಕರಿಸುತ್ತೇನೆ. ನೀನು ಹೋದಲ್ಲೆಲ್ಲ ನಿನಗೆ ಒಳ್ಳೆಯದೇ ಆಗಲಿ.

ಸ್ಥಳ: ನರಗುಂದ, ನಿನ್ನ ಕುರ್ಚಿಯ ಎದುರು

ಇಂತಿ,
ನಿನ್ನ ಹಿಂದಿನ ಮಾಲೀಕ,
ಮತ್ತು ಫೋನಿನಲ್ಲಿ ಹೇಳದೆ ನುಂಗಿಕೊಂಡದ್ದು, ನಿನ್ನ ಗಂಡ,
ಹಾಲಸಿದ್ದಪ್ಪ